ಅರವತ್ತು ಸೆಕೆಂಡಿನ ಫೋಟೋ

ಹಳೇ ಕ್ಯಾಮೆರಾಗಳ ಹುಚ್ಚು ನನಗೆ. ಬೆಂಗಳೂರಿನ ಸಂಡೇ ಬಜಾರಿನ ಗುಜರಿ ರಾಶಿಯಲ್ಲಿ ಸಿಕ್ಕಿದ ಒಂದು ಪೋಲರಾಯ್ಡ್ ಡಬ್ಬಿ ನನ್ನ ಹತ್ತಿರ ಇದೆ. ಗುಂಡಿ ಒತ್ತಿದರೆ ಗರ್ರ್ ಅಂತ ಸದ್ದು ಮಾಡಿ ಬಿಳಿ ಅಂಚಿನ ಕಾಗದವೊಂದನ್ನು ಹೊರಕ್ಕೆ ಉಗುಳುತ್ತದೆ. ಅದನ್ನು ಬೆಳಕಿಗೆ ಒಡ್ಡದೆ ಹತ್ತು ಹದಿನೈದು ನಿಮಿಷ ಮುಚ್ಚಿಟ್ಟರೆ ನಿಧಾನಕ್ಕೆ ಮುಖ ಮೂಡುತ್ತದೆ. ಒಂದು ಪೊಟ್ಟಣದಲ್ಲಿ ಎಂಟೇ ಫಿಲ್ಮು. ದುಬಾರಿ ಚಟ. ಆದರೂ ಬಿಡಲಾಗಿಲ್ಲ.

ಹೋದ ಸುಗ್ಗಿಯಲ್ಲಿ ನಮ್ಮೂರ ಕಣದಲ್ಲಿ ರಾಗಿ ತೂರುತ್ತಿದ್ದ ಒಬ್ಬ ಅವ್ವನ ಫೋಟೋ ತೆಗೆದೆ. ಮುಖ ಮೂಡಿದ್ದನ್ನು ನೋಡಿ ಆಕೆ ನಗಲಿಲ್ಲ. "ಇದು ನಂಗಾ, ನಿಂಗಾ ಮಗ?" ಅಂದಳು. "ನಿಂಗೇ ಕಣವ್ವ" ಅಂದೆ. "ಇಲ್ಲೀಗಂಟ ನನ್ ಪಟ ತೆಗೆದೋರೆಲ್ಲ ಆಪೀಸಿಗೇ ತಕ್ಕೊಂಡೋದ್ರು. ಕೈಗೆ ಕೊಟ್ಟೋನು ನೀನೇ ಮೊದ್ಲು" ಅಂದವಳೇ ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಇದು ಯಾರದು? ಈ ಕ್ಯಾಮೆರಾದ ಚರಿತ್ರೆಯನ್ನೇ ಎದುರಿಗೆ ನಿಲ್ಲಿಸಿ ಕೇಳಬೇಕಾದ ಪ್ರಶ್ನೆ ಇದು.

ನಮ್ಮಂಥ ಹವ್ಯಾಸಿಗಳು ಸೇರಿದಲ್ಲಿ ಹೇಳುವ ಚರಿತ್ರೆ ಬೇರೆ. ಅದು ಒಂದು ಮಗುವಿನ ಪ್ರಶ್ನೆಯಿಂದ ಶುರುವಾಗುತ್ತದೆ. 1943ರಲ್ಲಿ ಅಮೆರಿಕದ ಸಾಂಟಾ ಫೆ ಊರಿನಲ್ಲಿ ಎಡ್ವಿನ್ ಲ್ಯಾಂಡ್ ಎಂಬ ವಿಜ್ಞಾನಿ ತನ್ನ ಮೂರು ವರ್ಷದ ಮಗಳ ಫೋಟೋ ತೆಗೆದ. "ಈಗಲೇ ಯಾಕೆ ನೋಡೋಕಾಗಲ್ಲ?" ಅಂತ ಮಗು ಕೇಳಿತು. ಲ್ಯಾಂಡ್ ಅದೇ ಪ್ರಶ್ನೆಯ ಹಿಂದೆ ಬಿದ್ದ. 1947ರ ಫೆಬ್ರವರಿ 21ರಂದು ನ್ಯೂಯಾರ್ಕಿನಲ್ಲಿ ವಿಜ್ಞಾನಿಗಳ ಮುಂದೆ ತನ್ನದೇ ಫೋಟೋ ತೆಗೆದು ತೋರಿಸಿದ. 1948ರ ನವೆಂಬರಿನಲ್ಲಿ ಬಾಸ್ಟನ್ನಿನ ಅಂಗಡಿಯಲ್ಲಿ ಮೊದಲ ಕ್ಯಾಮೆರಾ ಮಾರಾಟಕ್ಕೆ ಬಂತು. ಒಳಗಿನ ಹಿಕಮತ್ತು ಇಷ್ಟೇ: ಬೆಳಕು ತಿಂದ ನೆಗೆಟಿವ್ ಹಾಳೆಯೂ ಚಿತ್ರ ಮೂಡಬೇಕಾದ ಕಾಗದವೂ ಎರಡು ಉರುಳೆಗಳ ನಡುವೆ ಒಟ್ಟಿಗೆ ಹಾದು ಬರುತ್ತವೆ. ಆ ಒತ್ತಡಕ್ಕೆ ಪುಟ್ಟ ಪೊಟ್ಟಣವೊಂದು ಒಡೆದು ರಾಸಾಯನಿಕ ಸರಿಯಾಗಿ ಹರಡುತ್ತದೆ. ಬೆಳಕು ಬೀಳದೆ ಉಳಿದ ಬೆಳ್ಳಿ ಕಾಗದದ ಕಡೆ ಸರಿದು ಚಿತ್ರವಾಗುತ್ತದೆ. ಒಂದು ನಿಮಿಷ ಕಾದು ಸುಲಿದರೆ ಫೋಟೋ ಸಿದ್ಧ. ಕತ್ತಲೆ ಕೋಣೆ ಬೇಡ, ಸ್ಟುಡಿಯೋದವನ ಮರ್ಜಿ ಬೇಡ.

ನಿಜಕ್ಕೂ ದೊಡ್ಡ ಸಾಧನೆ. ಅಲ್ಲ ಅಂದವರು ಯಾರು? ಆದರೆ ಇದೇ ಕಂಪನಿಯೊಳಗೆ 1970ರಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ಅದನ್ನು ನಮ್ಮ ಹವ್ಯಾಸಿ ಗೆಳೆಯರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ.

ಆ ಪ್ರಶ್ನೆ ಏಳಲು ಕಾರಣ ದಕ್ಷಿಣ ಆಫ್ರಿಕಾ. ಅಲ್ಲಿನ ಬಿಳಿಯರ ಸರ್ಕಾರ 1952ರಲ್ಲಿ ಒಂದು ಕಾಯಿದೆ ತಂದಿತ್ತು. ಹದಿನಾರು ವರ್ಷ ತುಂಬಿದ ಪ್ರತಿ ಕಪ್ಪು ಮನುಷ್ಯನೂ ಒಂದು ಪುಸ್ತಕ ಇಟ್ಟುಕೊಂಡೇ ಓಡಾಡಬೇಕು. ಅದರಲ್ಲಿ ಅವನ ಫೋಟೋ, ಬುಡಕಟ್ಟಿನ ಹೆಸರು, ಧಣಿಯ ರುಜು, ತೆರಿಗೆಯ ಮುದ್ರೆ. ಪೊಲೀಸಿನವನು ಕೇಳಿದ ಕೂಡಲೇ ತೋರಿಸಬೇಕು. ಮನೆಯಲ್ಲಿ ಮರೆತು ಬಂದರೂ ಜೈಲು. ಅನುಮತಿ ಇಲ್ಲದೆ ಪಟ್ಟಣದಲ್ಲಿ 72 ಗಂಟೆ ಮೀರಿ ಇರುವ ಹಾಗಿಲ್ಲ. ಹುಟ್ಟಿದ ನೆಲದಲ್ಲೇ ಪರದೇಶಿ! ಜನ ಅದನ್ನು 'ಡೋಂಪಾಸ್', ಅಂದರೆ ದಡ್ಡ ಪಾಸು, ಅಂತ ಬೈಯುತ್ತಿದ್ದರು. 1956ರ ಆಗಸ್ಟ್ 9ರಂದು ಸುಮಾರು 20,000 ಹೆಂಗಸರು ಈ ಪಾಸಿನ ವಿರುದ್ಧ ರಾಜಧಾನಿ ಪ್ರಿಟೋರಿಯಾಕ್ಕೆ ನಡೆದರು. 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪಾಸು ಬಿಟ್ಟು ಬಂದು "ಹಿಡಿದುಕೊಳ್ಳಿ ನಮ್ಮನ್ನ" ಅಂತ ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಲ್ಲೇ ಸತ್ತವರು 69. ಅದಾದ ವಾರದೊಳಗೇ ಆಲ್ಬರ್ಟ್ ಲುಟುಲಿ, ನೆಲ್ಸನ್ ಮಂಡೇಲಾ ತಮ್ಮ ಪಾಸುಗಳನ್ನು ಬಹಿರಂಗವಾಗಿ ಸುಟ್ಟರು.

ಕೋಟಿಗಟ್ಟಲೆ ಜನರಿಗೆ ಪಾಸು ಹೊರಿಸಬೇಕಾದರೆ ಕೋಟಿಗಟ್ಟಲೆ ಫೋಟೋ ಬೇಕು, ಬೇಗ ಬೇಕು. ಮಗುವಿನ ಪ್ರಶ್ನೆಯಿಂದ ಹುಟ್ಟಿದ ತಂತ್ರ ಇಲ್ಲಿ ಪ್ರಭುತ್ವದ ಕೈಗೆ ಸಿಕ್ಕಿತು. ಗುರುತಿನ ಚೀಟಿಗೆಂದೇ ಪೋಲರಾಯ್ಡ್ ಕಂಪನಿ 1960ರ ದಶಕದಲ್ಲಿ ಐಡಿ-2 ಎಂಬ ಯಂತ್ರ ಮಾಡಿತ್ತು. ಕೂರಿಸು, ಗುಂಡಿ ಒತ್ತು, ಒಂದೆರಡು ನಿಮಿಷದಲ್ಲಿ ಚೀಟಿ ಸಿದ್ಧ. ಫ್ಲಾಶಿನ ಬೆಳಕು ಹೆಚ್ಚಿಸಲು ಅದರಲ್ಲೊಂದು ಬೇರೆ ಗುಂಡಿಯೂ ಇತ್ತು.

1970ರ ಅಕ್ಟೋಬರ್. ಅಮೆರಿಕದ ಕೇಂಬ್ರಿಜ್ ಊರಿನ ಪೋಲರಾಯ್ಡ್ ಕಚೇರಿ. ಕ್ಯಾರೊಲಿನ್ ಹಂಟರ್ ಅಲ್ಲಿ ರಸಾಯನಶಾಸ್ತ್ರಜ್ಞೆ, ಕೆನ್ ವಿಲಿಯಮ್ಸ್ ಫೋಟೋಗ್ರಾಫರ್. ಇಬ್ಬರೂ ಕಪ್ಪು ಜನ. ಮಧ್ಯಾಹ್ನದ ಊಟಕ್ಕೆ ಹೊರಟವರ ಕಣ್ಣಿಗೆ ಗೋಡೆಯ ಮೇಲಿನ ಒಂದು ಮಾದರಿ ಚೀಟಿ ಬಿತ್ತು. ಅದರಲ್ಲಿ ದಕ್ಷಿಣ ಆಫ್ರಿಕಾದ ಗಣಿ ಇಲಾಖೆಯ ಹೆಸರು. ನಮ್ಮ ಫಿಲ್ಮು ಅಲ್ಲಿ ಏನು ಮಾಡುತ್ತಿದೆ? ಆ ದೇಶದ ಬಗ್ಗೆ ಹಂಟರ್‌ಗೆ ಗೊತ್ತಿದ್ದುದು ಬಹಳ ಕಡಿಮೆ. ಶಾಲೆಯಲ್ಲಿದ್ದಾಗ ಅಲನ್ ಪೇಟನ್‌ನ 'ಕ್ರೈ, ದ ಬಿಲವೆಡ್ ಕಂಟ್ರಿ' ಕಾದಂಬರಿ ಓದಿದ್ದಳು, ಅಷ್ಟೆ. ಮೇಷ್ಟ್ರುಗಳೇ, ಇದನ್ನು ಗಮನಿಸಿ: ಶಾಲೆಯಲ್ಲಿ ಓದಿಸಿದ ಒಂದು ಪುಸ್ತಕ ಎಲ್ಲಿ ಹೋಗಿ ಮೊಳಕೆ ಒಡೆಯುತ್ತದೋ ಹೇಳಲಾಗದು.

ಇಬ್ಬರೂ ಗ್ರಂಥಾಲಯಕ್ಕೆ ಹೋಗಿ ಹುಡುಕಿದರು. ಪಾಸು ಅಂದರೇನು ಅಂತ ತಿಳಿಯಿತು. ಕೆಲವೇ ದಿನಗಳಲ್ಲಿ ಕಂಪನಿಯ ಗೋಡೆಗಳ ಮೇಲೆ ಕರಪತ್ರ ಬಂತು: ಪೋಲರಾಯ್ಡ್ ಅರವತ್ತು ಸೆಕೆಂಡಿನಲ್ಲಿ ಕಪ್ಪು ಜನರನ್ನು ಸೆರೆಗೆ ಹಾಕುತ್ತದೆ! ಕಂಪನಿಯ ಹೆಮ್ಮೆಯ ಜಾಹೀರಾತನ್ನೇ ತಿರುಗಿಸಿ ಅದರ ಮುಖಕ್ಕೆ ಹಿಡಿದಿದ್ದರು. 'ಪೋಲರಾಯ್ಡ್ ಕ್ರಾಂತಿಕಾರಿ ಕಾರ್ಮಿಕ ಚಳವಳಿ' ಹುಟ್ಟಿತು. ಬೇಡಿಕೆ ಮೂರೇ. ದಕ್ಷಿಣ ಆಫ್ರಿಕಾ ಬಿಟ್ಟು ಹೊರಡಿ. ವರ್ಣಭೇದ ನೀತಿಗೆ ನಮ್ಮ ವಿರೋಧವಿದೆ ಅಂತ ಎರಡೂ ದೇಶಗಳಲ್ಲಿ ಸಾರಿ ಹೇಳಿ. ಅಲ್ಲಿ ಗಳಿಸಿದ ಲಾಭವನ್ನು ಅಲ್ಲಿನ ವಿಮೋಚನಾ ಚಳವಳಿಗಳಿಗೆ ಕೊಡಿ.

ಪೋಲರಾಯ್ಡ್ ಕೆಟ್ಟ ಹೆಸರಿನ ಕಂಪನಿಯಾಗಿರಲಿಲ್ಲ. ಉದಾರವಾದಿ ಅಂತ ಹೆಸರು ಮಾಡಿತ್ತು. ಹೆಂಗಸರಿಗೆ, ಕಪ್ಪು ಜನರಿಗೆ ಪ್ರಯೋಗಾಲಯದಲ್ಲಿ ಕೆಲಸ ಕೊಟ್ಟಿತ್ತು. ಅದಕ್ಕೇ ಈ ಕಥೆ ನಮಗೆ ಮುಖ್ಯ. ಒಳ್ಳೇ ಧಣಿ ಏನು ಮಾಡಿದ? ಮೊದಲು ಪಾಸಿಗೂ ತನಗೂ ಸಂಬಂಧ ಇಲ್ಲ ಅಂದ. ಆಮೇಲೆ ಸ್ವಲ್ಪ ಇದೆ ಅಂದ. ನಾಲ್ವರು ನೌಕರರ ತಂಡವನ್ನು ನೋಡಿಕೊಂಡು ಬರಲು ಕಳಿಸಿದ. 1971ರ ಜನವರಿಯಲ್ಲಿ ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು ಕೊಟ್ಟು 'ಪ್ರಯೋಗ' ಮಾಡ್ತೀವಿ ಅಂದ: ಸರ್ಕಾರಕ್ಕೆ ಮಾರುವುದಿಲ್ಲ, ಆದರೆ ದೇಶ ಬಿಡುವುದಿಲ್ಲ, ಅಲ್ಲಿನ ಏಜೆಂಟರ ಕಪ್ಪು ನೌಕರರಿಗೆ ಕೂಲಿ ಹೆಚ್ಚಿಸ್ತೀವಿ, ಓದಿಗೆ ದುಡ್ಡು ಕೊಡ್ತೀವಿ. ಸಂಕೋಲೆ ಹಾಗೇ ಇರಲಿ, ಅದರ ಕೆಳಗೆ ಮೆತ್ತನೆ ಬಟ್ಟೆ ಸುತ್ತೋಣ ಅನ್ನುವ ಧರ್ಮ. ಹಂಟರ್ ಮತ್ತು ವಿಲಿಯಮ್ಸ್ 1971ರ ಫೆಬ್ರವರಿಯಲ್ಲಿ ವಿಶ್ವಸಂಸ್ಥೆಯ ಮುಂದೆ ಸಾಕ್ಷಿ ಹೇಳಿದರು. ವಿಲಿಯಮ್ಸ್ ಅಷ್ಟರಲ್ಲಿ ಕಂಪನಿ ಬಿಟ್ಟಾಗಿತ್ತು. ಹಂಟರಳನ್ನು ಅದೇ ತಿಂಗಳು ಕೆಲಸದಿಂದ ತೆಗೆದರು.

ಅವರು ಬಹಿಷ್ಕಾರ ನಿಲ್ಲಿಸಲಿಲ್ಲ. ಏಳು ವರ್ಷ ಹಿಡಿಯಿತು. 1977ರ ನವೆಂಬರಿನಲ್ಲಿ ಸತ್ಯ ಹೊರಬಿತ್ತು. ಏಜೆಂಟ್ ಕಂಪನಿಯ ಮಾಜಿ ನೌಕರ ಇಂಡ್ರಸ್ ನಾಯ್ಡು ಕಾಗದದ ಪುರಾವೆ ಹೊರಗೆ ತಂದಿದ್ದ: ಸರ್ಕಾರಕ್ಕೆ ಫಿಲ್ಮು ಕದ್ದುಮುಚ್ಚಿ ಹೋಗುತ್ತಲೇ ಇತ್ತು. ಹೆಸರಿಲ್ಲದ ಡಬ್ಬಗಳು, ಜೋಹಾನ್ಸ್‌ಬರ್ಗಿನ ಒಂದು ಔಷಧಿ ಅಂಗಡಿಯ ಹೆಸರಿನಲ್ಲಿ ಬಿಲ್ಲು. ಪೋಲರಾಯ್ಡ್ ಏಜೆಂಟನ ನಂಟು ಕಡಿದುಕೊಂಡು ಆ ದೇಶ ಬಿಟ್ಟಿತು. ಆಮೇಲೆ ಬೇರೆ ಕಂಪನಿಗಳ ಮೇಲೂ ಒತ್ತಡ ಬೆಳೆಯಿತು. 1986ರಲ್ಲಿ ಅಮೆರಿಕದ ಸಂಸತ್ತು ಅಧ್ಯಕ್ಷ ರೇಗನ್‌ನ ತಡೆಯನ್ನು ಮೀರಿ ದಿಗ್ಬಂಧನ ಕಾಯಿದೆ ಮಾಡಿತು. ಅದೇ ವರ್ಷ ದಕ್ಷಿಣ ಆಫ್ರಿಕಾದಲ್ಲಿ ಪಾಸ್ ಕಾಯಿದೆ ರದ್ದಾಯಿತು. ಅದನ್ನು ಮುರಿದದ್ದು ಮುಖ್ಯವಾಗಿ ಆ ನೆಲದ ಜನರ ಹೋರಾಟ. ಆದರೆ ಎಲ್ಲೋ ದೂರದ ಕಾರ್ಖಾನೆಯಲ್ಲಿ ಇಬ್ಬರು ಕೆಲಸಗಾರರು ತಮ್ಮ ಕೈಯ ದುಡಿಮೆ ಯಾರ ಕೊರಳಿಗೆ ಬೀಳುತ್ತಿದೆ ಅಂತ ಕೇಳಿದ್ದು ಸಣ್ಣ ಮಾತೇನಲ್ಲ.

ಹಾಗಾದರೆ ಕ್ಯಾಮೆರಾನೇ ಪಾಪಿಯೆ? ಅಲ್ಲ. ಅದೇ ದೇಶದಲ್ಲಿ ಪೀಟರ್ ಮಗುಬಾನೆ ತನ್ನ ಕ್ಯಾಮೆರಾವನ್ನು ಒಳಗೆ ಟೊಳ್ಳು ಮಾಡಿದ ಬ್ರೆಡ್ಡಿನಲ್ಲಿ ಅಡಗಿಸಿ ಫೋಟೋ ತೆಗೆದ. 586 ದಿನ ಒಂಟಿ ಸೆರೆ ಅನುಭವಿಸಿದ. ಅರ್ನೆಸ್ಟ್ ಕೋಲ್ ಪಾಸಿಲ್ಲದೆ ಸಿಕ್ಕಿಬಿದ್ದು ಬೇಡಿ ಹಾಕಿಸಿಕೊಂಡವರ, ಗಣಿಯಲ್ಲಿ ಬೆತ್ತಲೆ ನಿಲ್ಲಿಸಿ ತಪಾಸಣೆಗೆ ಒಳಗಾದ ಕೂಲಿಗಳ ಚಿತ್ರ ತೆಗೆದು ದೇಶ ಬಿಟ್ಟ. 1967ರಲ್ಲಿ ಬಂದ ಅವನ 'ಹೌಸ್ ಆಫ್ ಬಾಂಡೇಜ್' ಪುಸ್ತಕವನ್ನು ಅಲ್ಲಿನ ಸರ್ಕಾರ ನಿಷೇಧಿಸಿತು. ಪಾಸಿನ ಫೋಟೋದಲ್ಲಿ ಬರೀ ಮುಖ ಇತ್ತು. ಕೋಲ್‌ನ ಫೋಟೋದಲ್ಲಿ ಆ ಮುಖದ ಕಷ್ಟವೂ, ಕಷ್ಟ ಕೊಟ್ಟವನ ಕೈಯೂ ಇತ್ತು.

ಪೋಲರಾಯ್ಡ್ ಕಂಪನಿ 2001ರಲ್ಲಿ ದಿವಾಳಿ ಎದ್ದಿತು. 2008ರಲ್ಲಿ ಫಿಲ್ಮು ನಿಲ್ಲಿಸುವುದಾಗಿ ಸಾರಿತು. ನೆದರ್ಲೆಂಡ್ಸಿನ ಎನ್‌ಸ್ಕೆಡೆ ಊರಿನ ಕೊನೆಯ ಕಾರ್ಖಾನೆಯನ್ನು ಹವ್ಯಾಸಿಗಳೂ ಹಳೇ ನೌಕರರೂ ಸೇರಿ ಉಳಿಸಿಕೊಂಡರು. 2010ರಲ್ಲಿ ಫಿಲ್ಮು ಮತ್ತೆ ಬಂತು. ಅದರಿಂದಲೇ ನನ್ನ ಡಬ್ಬಿಗೆ ಇವತ್ತೂ ಜೀವ ಇದೆ. ಆ ಪ್ರೀತಿಯನ್ನು ನಾನು ಹಳಿಯುವುದಿಲ್ಲ, ನನ್ನದೂ ಅದೇ ಪ್ರೀತಿ. ಆದರೆ ಹಳೇ ವಸ್ತುವನ್ನು ಪ್ರೀತಿಸುವವನು ಅದರ ಹಳೇ ಕೆಲಸವನ್ನೂ ತಿಳಿದಿರಬೇಕು.

ನಮ್ಮ ರೇಷನ್ ಕಾರ್ಡೂ ಅಲ್ಲಿನ ಪಾಸೂ ಒಂದೇ ಅಂತ ನಾನು ಹೇಳುತ್ತಿಲ್ಲ. ಒಂದು ಅಕ್ಕಿ ಕೊಡಲು, ಇನ್ನೊಂದು ಹಿಡಿದು ಹಾಕಲು. ಆದರೆ ಕಣದಲ್ಲಿ ನಿಂತ ಆ ಅವ್ವ ಕೇಳಿದ್ದನ್ನು ಎಲ್ಲ ಫೋಟೋಗಳಿಗೂ ಕೇಳಬಹುದು. ತೆಗೆದವರು ಯಾರು? ಒಯ್ದವರು ಯಾರು? ಯಾವ ಕಡತಕ್ಕೆ?

ಮೊನ್ನೆ ಆಕೆಯ ಗುಡಿಸಲಿಗೆ ಹೋಗಿದ್ದೆ. ಫೋಟೋ ಗೋಡೆಯ ಮೇಲಿತ್ತು, ಗೋಂದಿನ ಬದಲು ರಾಗಿ ಅಂಬಲಿ ಹಚ್ಚಿ ಅಂಟಿಸಿದ್ದಳು. ಬಣ್ಣ ಸ್ವಲ್ಪ ಮಾಸಿದೆ. "ಇನ್ನೊಂದ್ ತೆಗಿಲಾ ಅವ್ವ?" ಅಂದೆ. "ಬ್ಯಾಡ ಕಣ್ಮಗ, ನನ್ ಮೊಮ್ಮಗಳದ್ ತೆಗಿ. ಅವಳ ಕೈಗೇ ಕೊಡು" ಅಂದಳು.