ಬೊಮ್ಮಾಯಿ ಗೆದ್ದರು, ಆದರೆ ಕುರ್ಚಿ?

ಯಾವ ರಾಜ್ಯದಲ್ಲಿ ಸರ್ಕಾರ ಅಲುಗಾಡಿದರೂ ಟಿವಿ ಚರ್ಚೆಗಳಲ್ಲಿ ಒಂದು ಕನ್ನಡದ ಹೆಸರು ಕೇಳಿಸುತ್ತದೆ, ಗಮನಿಸಿದ್ದೀರಾ? 'ಬೊಮ್ಮಾಯಿ ತೀರ್ಪು'. ಆ ಹೆಸರಿನ ಹಿಂದಿರೋ ಕಥೆ ನಮ್ಮಲ್ಲೇ ಅನೇಕರಿಗೆ ಮರೆತುಹೋಗಿದೆ ಅನ್ನಿಸಿ ಇದನ್ನು ಬರೀತಿದ್ದೀನಿ.

ಎಸ್. ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದದ್ದು 1988ರ ಆಗಸ್ಟ್‌ನಲ್ಲಿ, ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟ ಮೇಲೆ. 1989ರ ಏಪ್ರಿಲ್ 15ರಂದು ಸಂಪುಟ ವಿಸ್ತರಣೆ ಆಯಿತು. ಅದಾದ ಎರಡೇ ದಿನಕ್ಕೆ ಮೊಳಕೇರಿ ಎಂಬ ಶಾಸಕರು ಪಕ್ಷ ಬಿಟ್ಟರು. ಬೆಂಬಲ ವಾಪಸ್ ಅಂತ 19 ಶಾಸಕರ ಪತ್ರಗಳನ್ನು ರಾಜ್ಯಪಾಲ ವೆಂಕಟಸುಬ್ಬಯ್ಯನವರ ಕೈಗಿಟ್ಟರು. ಏಪ್ರಿಲ್ 19ಕ್ಕೆ ರಾಜ್ಯಪಾಲರ ವರದಿ ದೆಹಲಿಗೆ ಹೋಯಿತು.

ಮಜಾ ಇರೋದು ಮರುದಿನದ ಘಟನೆಯಲ್ಲಿ. ಆ 19ರಲ್ಲಿ ಏಳು ಜನ, 'ತಪ್ಪು ತಿಳುವಳಿಕೆ ಕೊಟ್ಟು ಸಹಿ ಹಾಕಿಸಿಕೊಂಡಿದ್ದಾರೆ, ನಮ್ಮ ಬೆಂಬಲ ಸರ್ಕಾರಕ್ಕೇ' ಅಂತ ಬರೆದುಕೊಟ್ಟರು. ಬೊಮ್ಮಾಯಿ ಸ್ವತಃ ಹೋಗಿ, ಬೇಕಾದರೆ ಅಧಿವೇಶನವನ್ನೇ ಮುಂಚಿತವಾಗಿ ಕರೆಯುತ್ತೇನೆ, ಸದನದಲ್ಲೇ ಬಹುಮತ ತೋರಿಸುತ್ತೇನೆ ಎಂದರು. ರಾಜ್ಯಪಾಲರು ಒಪ್ಪಲಿಲ್ಲ. ಕುದುರೆ ವ್ಯಾಪಾರ ನಡೀತಿದೆ ಅಂತ ಎರಡನೇ ವರದಿ ಕಳಿಸಿದರು. ಏಪ್ರಿಲ್ 21ಕ್ಕೆ ಸರ್ಕಾರ ವಜಾ, ವಿಧಾನಸಭೆಯೂ ವಿಸರ್ಜನೆ! ಕೇಂದ್ರದಲ್ಲಿ ಆಗ ರಾಜೀವ್ ಗಾಂಧಿ ಸರ್ಕಾರ. ವಿಧಾನಸೌಧದಲ್ಲಿ ತಲೆ ಎಣಿಸೋದಕ್ಕೆ ಎಷ್ಟು ಹೊತ್ತು ಬೇಕಿತ್ತು ಸ್ವಾಮಿ?

ಈ ಅಧಿಕಾರ ಕೊಡೋದು ಸಂವಿಧಾನದ 356ನೇ ವಿಧಿ. ಇದು ಬಳಕೆಗೇ ಬಾರದ ಸತ್ತ ಅಕ್ಷರವಾಗಿ ಉಳಿಯಲಿ ಅಂತ ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಆಶಿಸಿದ್ದರು. 1959ರಲ್ಲಿ ಕೇರಳದ ಇ.ಎಂ.ಎಸ್. ಸರ್ಕಾರ ಹೋಗಿದ್ದು ಇದರಿಂದಲೇ. ನಮ್ಮ ದೇವರಾಜ ಅರಸು ಸರ್ಕಾರವನ್ನು 1977ರ ಡಿಸೆಂಬರ್‌ನಲ್ಲಿ ವಜಾ ಮಾಡಿದ್ದು ಜನತಾ ಪಕ್ಷದ ಕೇಂದ್ರ ಸರ್ಕಾರ. ಅಂದರೆ ಈ ಚಟ ಒಂದೇ ಪಕ್ಷದ್ದಲ್ಲ.

ಬೊಮ್ಮಾಯಿ ಕರ್ನಾಟಕ ಹೈಕೋರ್ಟಿನಲ್ಲಿ ಸೋತರು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿದ್ದು 1994ರ ಮಾರ್ಚ್ 11ಕ್ಕೆ. ಬಹುಮತ ಇದೆಯೋ ಇಲ್ಲವೋ ತೀರ್ಮಾನ ಆಗಬೇಕಾದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ಕೋರ್ಟ್ ಪರಿಶೀಲಿಸಬಹುದು. ಸಂಸತ್ತಿನ ಎರಡೂ ಸದನ ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ಕರ್ನಾಟಕದಲ್ಲಿ ಮಾಡಿದ್ದು ಸಂವಿಧಾನಬಾಹಿರ. (ಬಾಬರಿ ಮಸೀದಿ ಉರುಳಿದ ಮೇಲೆ 1992ರಲ್ಲಿ ಮಧ್ಯಪ್ರದೇಶ, ರಾಜಸ್ಥಾನ, ಹಿಮಾಚಲಗಳಲ್ಲಿ ಮಾಡಿದ್ದನ್ನು ಮಾತ್ರ ಕೋರ್ಟ್ ಎತ್ತಿಹಿಡಿಯಿತು. ಅದರ ಬಗ್ಗೆ ಬೇರೆಯೇ ಜಗಳ ಆಡಬಹುದು.)

ಅಷ್ಟೊತ್ತಿಗೆ 1989ರ ಚುನಾವಣೆ ಮುಗಿದು, ವೀರೇಂದ್ರ ಪಾಟೀಲ್, ಬಂಗಾರಪ್ಪ ಬಂದುಹೋಗಿ, ವೀರಪ್ಪ ಮೊಯಿಲಿ ಮುಖ್ಯಮಂತ್ರಿಯಾಗಿದ್ದರು. ಬೊಮ್ಮಾಯಿಗೆ ಸಿಕ್ಕಿದ್ದು ತೀರ್ಪಿನ ಪ್ರತಿ ಮಾತ್ರ. ಆ ಕುರ್ಚಿ ಅವರಿಗೆ ಮತ್ತೆಂದೂ ಸಿಗಲಿಲ್ಲ.

2018ರ ಮೇನಲ್ಲಿ ರಾಜ್ಯಪಾಲರು ಯಡಿಯೂರಪ್ಪನವರಿಗೆ ಬಹುಮತ ತೋರಿಸಲು 15 ದಿನ ಕೊಟ್ಟಿದ್ದರಲ್ಲ, ಸುಪ್ರೀಂ ಕೋರ್ಟ್ ಅದನ್ನು ಮಾರನೇ ದಿನ ಸಂಜೆ ನಾಲ್ಕಕ್ಕೆ ಇಳಿಸಿತು. ಮತಕ್ಕೆ ಮೊದಲೇ ಅವರು ರಾಜೀನಾಮೆ ಕೊಟ್ಟರು. ನಡೆದದ್ದು ಅದೇ ವಿಧಾನಸೌಧದಲ್ಲಿ.