ಐರ್ಲೆಂಡಿನ ಹಳ್ಳಿಗಳಲ್ಲಿ ಮನೆತನದ ಹೆಸರಿನ ಶೋಧ

ಐರ್ಲೆಂಡಿನ ಹಳ್ಳಿಗಾಡಿನಲ್ಲಿ ಮನೆತನವೊಂದರ ಜಾಡು ಹಿಡಿದು ಹೊರಟವರಿಗೆ ಮೊದಲು ಎದುರಾಗುವುದು 1922ರ ಬೆಂಕಿ. ಆ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲೇ, ಡಬ್ಲಿನ್‌ನ ಸಾರ್ವಜನಿಕ ದಾಖಲೆಗಳ ಭಂಡಾರ ಸ್ಫೋಟಕ್ಕೆ ಸಿಕ್ಕಿ ಸುಟ್ಟುಹೋಯಿತು. 1821ರಿಂದ 1851ರವರೆಗಿನ ಜನಗಣತಿಯ ಬಹುಪಾಲು ಹಾಳೆಗಳು ಬೂದಿಯಾದವು. ತುಂಬಲಾರದ ನಷ್ಟವಿದು.

ಹಾಗೆಂದು ಹಾದಿ ಪೂರ್ತಿ ಮುಚ್ಚಿಲ್ಲ. ರಿಚರ್ಡ್ ಗ್ರಿಫಿತ್ 1847–64ರ ನಡುವೆ ಪ್ರಕಟಿಸಿದ ಆಸ್ತಿ ಮೌಲ್ಯಮಾಪನದಲ್ಲಿ ಗೇಣಿದಾರ, ಭೂಮಾಲೀಕ, ಜಮೀನಿನ ವಿಸ್ತೀರ್ಣ ಎಲ್ಲವೂ ‘ಟೌನ್‌ಲ್ಯಾಂಡ್’ ಎಂಬ ಪುಟ್ಟ ಘಟಕದ ಪ್ರಕಾರ ಸಿಗುತ್ತವೆ. ಆದರೆ ಅಲ್ಲಿರುವುದು ಮನೆಯ ಯಜಮಾನನ ಹೆಸರಷ್ಟೇ. ಹೆಂಡತಿ ಮಕ್ಕಳಿಗಾಗಿ ಚರ್ಚಿನ ದೀಕ್ಷಾಸ್ನಾನದ ಪುಸ್ತಕಗಳನ್ನೂ, 1864ರಿಂದ ಎಲ್ಲರಿಗೂ ಅನ್ವಯಿಸಿದ ಜನನ-ಮರಣ ನೋಂದಣಿಯನ್ನೂ, ಪೂರ್ತಿಯಾಗಿ ಉಳಿದಿರುವ 1901 ಮತ್ತು 1911ರ ಗಣತಿಗಳನ್ನೂ ತಿರುವಿಹಾಕಬೇಕು.

ದಾಖಲೆ ಸಿಕ್ಕರೂ ಹೆಸರೇ ಗೊಂದಲ ಹುಟ್ಟಿಸುತ್ತದೆ: ಒಂದೇ ಕುಟುಂಬ ಒಂದು ಕಡತದಲ್ಲಿ ‘ಸಲಿವನ್’, ಇನ್ನೊಂದರಲ್ಲಿ ‘ಓಸಲಿವನ್’. ಟಿಪ್ಪರರಿ ಕೌಂಟಿಯಲ್ಲಂತೂ ರಯಾನ್ ಎಂಬ ಮನೆತನದ ಹೆಸರಿನವರು ಎಷ್ಟು ಮಂದಿಯೆಂದರೆ, ಗುರುತಿಗಾಗಿ ಅಪ್ಪನ ಹೆಸರನ್ನೋ ಕೂದಲ ಬಣ್ಣವನ್ನೋ ಸೇರಿಸುವುದು ವಾಡಿಕೆ.

ಸುಟ್ಟ ಗಣತಿಯ ಚೂರುಗಳು ಉಳಿದಿರುವುದು ಪಿಂಚಣಿ ಕಾಗದಗಳಲ್ಲಿ! 1909ರಲ್ಲಿ ವೃದ್ಧಾಪ್ಯ ಪಿಂಚಣಿ ಶುರುವಾದಾಗ, ಜನನ ಪತ್ರವಿಲ್ಲದ ಹಿರಿಯರು ವಯಸ್ಸಿನ ಪುರಾವೆಗೆ 1841, 1851ರ ಗಣತಿಯನ್ನೇ ಹುಡುಕಿಸಿದರು. ಅಪ್ಪ, ಅಮ್ಮ, ಊರು, ವಯಸ್ಸು ಬರೆದ ಆ ಶೋಧಪತ್ರಗಳು ಇಂದಿಗೂ ಓದಸಿಗುತ್ತವೆ.