ಸಕ್ರಿಯಣ ಶಕ್ತಿ

ರಾಸಾಯನಿಕ ಕ್ರಿಯೆ ನಡೆಯಲು ಅಣುಗಳು ದಾಟಲೇಬೇಕಾದ ಕನಿಷ್ಠ ಶಕ್ತಿಯ ಹೊಸ್ತಿಲು. ಸ್ವೀಡನ್ನಿನ ಸ್ವಾಂಟೆ ಅರ್ಹೇನಿಯಸ್ 1889ರಲ್ಲಿ ಇದನ್ನು ಮುಂದಿಟ್ಟದ್ದು ಆಮ್ಲದಲ್ಲಿ ಕಬ್ಬಿನ ಸಕ್ಕರೆ ಒಡೆಯುವ ವೇಗವನ್ನು ವಿವರಿಸಲು. ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ಸೀಮೆಗೆ ಇದು ದೂರದ ಮಾತಲ್ಲ.

ಕೆಲಸ ಶುರುಮಾಡುವ ಮೊದಲಿನ ಜಡತ್ವಕ್ಕೂ ಈ ಹೆಸರು ಅಂಟಿದೆ. ಹೋಲಿಕೆ ಅರ್ಧ ಮಾತ್ರ ಸರಿ. ಕೆಲಸಕ್ಕೆ ಹೊಸ್ತಿಲು ಅಡ್ಡಿ; ಬೆಲ್ಲದ ಗಾಣದಲ್ಲಾದರೋ ಸಕ್ಕರೆ ಒಡೆಯುವ ಹೊಸ್ತಿಲು ಎತ್ತರವಿದ್ದಷ್ಟೂ ಲಾಭ.

ಕಡಿದ ಕಬ್ಬು ಬಿಸಿಲಲ್ಲಿ ಬಿದ್ದಿದ್ದರೆ ಇನ್ವರ್ಟೇಸ್ ಎಂಬ ಕಿಣ್ವ ಹೊಸ್ತಿಲನ್ನು ತಗ್ಗಿಸಿ, ಕಬ್ಬಿನ ಸಕ್ಕರೆಯಾದ ಸುಕ್ರೋಸನ್ನು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆಯುತ್ತದೆ. ಕುದಿಯುವ ರಸದಲ್ಲಿ ಹುಳಿಯೂ ಅದೇ ಕೆಲಸ ಮಾಡುತ್ತದೆ. ಜತೆಗೆ ಕಾವು ಏರಿದಷ್ಟೂ ಹೆಚ್ಚು ಅಣುಗಳು ಹೊಸ್ತಿಲು ದಾಟುತ್ತವೆ. ಅಂಥ ರಸದ ಬೆಲ್ಲ ಗಟ್ಟಿಯಾಗಿ ನಿಲ್ಲದೆ ಜಿನುಗುತ್ತದೆ. ರಸಕ್ಕೆ ಸುಣ್ಣ ಹಾಕುವುದು ಈ ಹುಳಿ ಮುರಿಯಲು. ಆದರೆ ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ.